ಢಾಕಾದಿಂದ ನಮ್ಮ ಸೈನ್ಯ ತಾನಾಗಿ ಬಂತೋ, ಕಳಿಸಿಕೊಟ್ಟರೋ?

ಕೋಡಿಬಾಗದವ: ಇವತ್ತು ಮಾರ್ಚ್ 12. 1972ರಲ್ಲಿ ಇದೇ ದಿನ ಢಾಕಾ ಸ್ಟೇಡಿಯಂನಲ್ಲಿ ನಮ್ಮ ಸೈನ್ಯಕ್ಕೆ ಬೀಳ್ಕೊಡುಗೆ ಪರೇಡ್ ಆಯಿತು. ಬಾಂಗ್ಲಾ ಯುದ್ಧದಲ್ಲಿ 1971ರ ಡಿಸೆಂಬರ್ 16ಕ್ಕೆ ಪಾಕಿಸ್ತಾನದವರು ಶರಣಾದದ್ದು, ಮೂರು ತಿಂಗಳೊಳಗೆ ನಮ್ಮವರು ಗಂಟುಮೂಟೆ ಕಟ್ಟಿಯೂ ಆಯಿತು. ಗೆದ್ದ ಜಾಗವನ್ನು ಇಷ್ಟು ಬೇಗ, ಯಾರೂ ಕೇಳದೆ ಬಿಟ್ಟುಕೊಟ್ಟ ಸೈನ್ಯ ಬೇರೆ ಯಾವುದಿದೆ ಹೇಳಿ ನೋಡುವಾ.

ಯಲ್ಲಾಪುರ ಘಟ್ಟ: "ಯಾರೂ ಕೇಳದೆ"? ಮಾರಾಯ, ಕೇಳಿದ್ದು ಸ್ವತಃ ಬಾಂಗ್ಲಾದ ಪ್ರಧಾನಿ ಶೇಖ್ ಮುಜೀಬ್. ಫೆಬ್ರವರಿಯಲ್ಲಿ ಕಲ್ಕತ್ತೆಗೆ ಬಂದು, ಇಂದಿರಾ ಗಾಂಧಿ ಜೊತೆ ಕೂತು, ಮಾರ್ಚ್ 25ರೊಳಗೆ ಸೈನ್ಯ ಪೂರ್ತಿ ವಾಪಸ್ ಅಂತ ಜಂಟಿ ಹೇಳಿಕೆಯನ್ನೇ ಕೊಟ್ಟರು. ಪರದೇಶದ ಸೈನ್ಯ ಒಳಗಿದ್ದರೆ ಯಾವ ದೇಶ ಬಾಂಗ್ಲಾಕ್ಕೆ ಮಾನ್ಯತೆ ಕೊಡುತ್ತಿತ್ತು? ಅಮೆರಿಕ ಕೊಟ್ಟದ್ದು ಏಪ್ರಿಲ್ 4ಕ್ಕೆ. ಸೈನ್ಯ ಹೋದ ಮೇಲೆ.

ಕೋಡಿಬಾಗದವ: "ಯಾವ ದೇಶ" ಅಂದ್ರಲ್ಲ, ಬ್ರಿಟನ್ ಫೆಬ್ರವರಿ 4ಕ್ಕೇ ಕೊಟ್ಟಿತ್ತು, ರಷ್ಯಾ ಜನವರಿಯಲ್ಲೇ. ಆಗ ನಮ್ಮ ಜವಾನರು ಅಲ್ಲೇ ಇದ್ದರು. ಮತ್ತೆ 25ರ ಗಡುವು ಇರುವಾಗ 12ಕ್ಕೇ ಮುಗಿಸಿದ್ದು ಯಾರ ಒತ್ತಾಯಕ್ಕೆ?

ಯಲ್ಲಾಪುರ ಘಟ್ಟ: ಮಾರ್ಚ್ 17ಕ್ಕೆ ಇಂದಿರಾ ಢಾಕಾದಲ್ಲಿ ಇಳಿದರು, ಅದಕ್ಕೆ. ಕಾವಲಿಗೆ ನಮ್ಮದೇ ಬಂದೂಕು ನಿಂತಿದ್ದರೆ ಚೆನ್ನಾಗಿರುತ್ತಿತ್ತಾ? ಲೆಕ್ಕಾಚಾರ ಅದು, ದಾನ ಅಲ್ಲ.

ಕರಿ ಈಶಾಡು: ಸೈನ್ಯ ಸೈನ್ಯ ಅಂತ ಬರೀ ನೆಲದವರದ್ದೇ ಮಾತು. ನೌಕಾಪಡೆ ಇಲ್ಲದಿದ್ದರೆ ಆ ಯುದ್ಧ 13 ದಿನಕ್ಕೆ ಮುಗಿಯುತ್ತಿತ್ತಾ? ನಮ್ಮ ಕಾರವಾರದ ಬೀಚಿನಲ್ಲಿ ನಿಲ್ಲಿಸಿದ ಚಪಲ್ ನೌಕೆಯೇ 1971ರಲ್ಲಿ ಕರಾಚಿಗೆ ಹೋಗಿ ಬೆಂಕಿ ಹಚ್ಚಿ ಬಂದದ್ದು.

ಸದಾಶಿವಗಡ: ಚಪಲ್ ಆಗ ಎಲ್ಲಿತ್ತು? ಅದು ನೌಕಾಪಡೆಗೆ ಸೇರಿದ್ದೇ 1976ರಲ್ಲಿ. ಡಿಸೆಂಬರ್ 4ರ ರಾತ್ರಿ ಕರಾಚಿಗೆ ಹೋದದ್ದು ನಿಪಾತ್, ನಿರ್ಘಾತ್, ವೀರ್ ಅನ್ನುವ ಕ್ಷಿಪಣಿ ನೌಕೆಗಳು.

ಕರಿ ಈಶಾಡು: ಶಾಲೆ ಟ್ರಿಪ್ಪಿಗೆ ಹೋದಾಗ ನಮ್ಮ ಅಕ್ಕೋರು ಅದರ ಎದುರೇ ನಿಂತು ಹೇಳಿದ್ದು. ಅವರು ಸುಳ್ಳು ಹೇಳಿದರು ಅಂತೀರಾ?

ಸದಾಶಿವಗಡ: ಅಕ್ಕೋರ ಸುದ್ದಿಗೆ ನಾನು ಹೋಗಲಿಲ್ಲ. ಅದರ ಡೆಕ್ ಮೇಲೆ ಕ್ಷಿಪಣಿಯ ಕೊಳವೆಗಳಿವೆಯಲ್ಲ, ಅಡ್ಡ ಮಲಗಿಸಿದ ನೀರಿನ ಟ್ಯಾಂಕಿ ಥರ? ಅದು ಆಮೇಲೆ ಬಂದ ಮಾದರಿ. ಕರಾಚಿಗೆ ಹೋದವುಗಳ ಮೇಲೆ ಇದ್ದದ್ದು ಚೌಕದ ಪೆಟ್ಟಿಗೆ, ನಾಯಿಗೂಡಿನ ಹಾಗೆ. ಹಳೇ ಫೋಟೋ ಪಕ್ಕದಲ್ಲಿಟ್ಟು ನೋಡಿ, ಚಿಕ್ಕ ಮಕ್ಕಳಿಗೂ ಗೊತ್ತಾಗುತ್ತದೆ.

ಕರಿ ಈಶಾಡು: ನಾಯಿಗೂಡಾ?! ದೇಶಕ್ಕಾಗಿ ಹೋರಾಡಿದ ನೌಕೆಯನ್ನು ನಾಯಿಗೂಡು ಅನ್ನುವವರ ಜೊತೆ ನನಗೇನು ಮಾತು? ನೌಕಾನೆಲೆಗೆ ಗದ್ದೆ ಮನೆ ಬಿಟ್ಟುಕೊಟ್ಟವರ ಪೈಕಿ ನಾವು. ನಮಗೆ ಪಾಠ ಬೇಡ.

ಸದಾಶಿವಗಡ: ಗದ್ದೆ ಕೊಟ್ಟದ್ದಕ್ಕೂ 1976ಕ್ಕೂ ಏನು ಸಂಬಂಧ ಮಾರಾಯ್ರೇ? ಗದ್ದೆ ಕೊಟ್ಟರೆ ಇಸವಿ ಬದಲಾಗುತ್ತದಾ?

ಶಿರಸಿ ಸಂತೆ: ಜಗಳ ಬಿಡಿ. ಒಳಗೆ ಬಂದ ಸೈನ್ಯ ವಾಪಸ್ ಹೋಗದಿದ್ದರೆ ಏನಾಗುತ್ತದೆ ಅಂತ ನಮ್ಮ ಮುಂಡಗೋಡದ ಟಿಬೆಟನ್ ಕ್ಯಾಂಪಿನಲ್ಲಿ ಕೇಳಿ. ಅರವತ್ತು ವರ್ಷ ಆಗುತ್ತ ಬಂತು, ಜೋಳ ಬೆಳೆದುಕೊಂಡು ಇಲ್ಲೇ ಇದ್ದಾರೆ.

ಕೋಡಿಬಾಗದವ: ನಾನು ಬೆಳಿಗ್ಗೆಯಿಂದ ಹೇಳುತ್ತಿರುವುದೂ ಇದೇ!

ಯಲ್ಲಾಪುರ ಘಟ್ಟ: ಇದೇ ಅಲ್ಲ. ನೀವು ಹೇಳಿದ್ದು "ಯಾರೂ ಕೇಳದೆ" ಅಂತ, ಮೇಲೆ ಹೋಗಿ ಓದಿಕೊಳ್ಳಿ. ಇನ್ನೊಂದು, ನಮ್ಮವರು ಹೊರಟ ಮೇಲೆ ಬಾಂಗ್ಲಾದ ಚಿತ್ತಗಾಂಗ್ ಬಂದರಿನ ಮೈನ್ (ನೀರಿನೊಳಗಿನ ಸ್ಫೋಟಕ) ತೆಗೆಯಲು ಸೋವಿಯತ್ ನೌಕಾಪಡೆ ಬಂತು, 1974ರ ತನಕ ಇತ್ತು. ಪರದೇಶದವರು ಪೂರ್ತಿ ಹೋದದ್ದು ಯಾವಾಗ, ಈಗ ಹೇಳಿ.

ಕೋಡಿಬಾಗದವ: ಮೈನ್ ತೆಗೆಯಲು ಬಂದವರನ್ನೂ ಸೈನ್ಯದ ಲೆಕ್ಕಕ್ಕೆ ಹಾಕುತ್ತೀರಾ? ಸುಮ್ನೆ ಸೋಲಬಾರದು ಅಂತ ಮಾತು.

ಕರಿ ಈಶಾಡು: ನೋಡಿ, ಅಲ್ಲೂ ನೌಕಾಪಡೆಯೇ ಬೇಕಾಯಿತು! 1976 ಅಂತಲೇ ಇಟ್ಟುಕೊಳ್ಳುವಾ, ಜಾತಿ ಒಂದೇ ಅಲ್ವಾ? ಅಣ್ಣ ಕರಾಚಿಗೆ ಹೋದ, ತಮ್ಮ ಬೀಚಿನಲ್ಲಿ ನಿಂತಿದ್ದಾನೆ. ಅಕ್ಕೋರು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ.

ಸದಾಶಿವಗಡ: ಹೌದೌದು. ನಮ್ಮಣ್ಣ ಎಸ್‌ಎಸ್‌ಎಲ್‌ಸಿ ಫಸ್ಟ್ ಕ್ಲಾಸ್. ಮಾರ್ಕ್ಸ್ ಕಾರ್ಡಿನಲ್ಲಿ ನನ್ನ ಹೆಸರೂ ಬರೆಸಿಕೊಳ್ಳುತ್ತೇನೆ.