ಸಂಕ್ರಮಣಕ್ಕೆ ಬರುವ 25 ಮಂದಿಗೆ ಬೆಲ್ಲದ ಕಷಾಯ: ಹಾಲು ಒಡೆಯದಂತೆ ಮಾಡುವುದು ಹೇಗೆ?

ಪ್ರಶ್ನೆ: ಮಾಳಮಡ್ಡಿಯ ಸೊಸೆ, ಧಾರವಾಡ

ಎಲ್ಲರಿಗೂ ನಮಸ್ಕಾರ. ಬರುವ ಸಂಕ್ರಮಣಕ್ಕೆ ಪುಣೆಯಿಂದ ನಾದಿನಿಯ ಸಂಸಾರವೂ ಬೆಂಗಳೂರಿನಿಂದ ಮೈದುನನ ಸಂಸಾರವೂ ನಮ್ಮ ಮನೆಗೆ ಬರುತ್ತಿವೆ. ಸಂಜೆ ಕುಸುರೆಳ್ಳು ಕೊಡಲು ಬರುವ ಓಣಿಯವರನ್ನೂ ಲೆಕ್ಕಕ್ಕೆ ಹಿಡಿದರೆ ಸುಮಾರು 25 ಮಂದಿ ಆಗುತ್ತಾರೆ. ಬಂದವರಿಗೆ ಈ ಸಲ ಚಹಾದ ಬದಲು ಬೆಲ್ಲದ ಕಷಾಯ ಕೊಡಬೇಕೆಂದು ನನ್ನ ಆಸೆ. ನನ್ನ ತವರಿನಲ್ಲಿ ಚಳಿಗಾಲದ ಹಬ್ಬಗಳಲ್ಲಿ ಹಾಗೆಯೇ ನಡೆಯುತ್ತಿತ್ತು. ಕಾಲು ತೊಳೆದುಕೊಂಡು ಒಳಗೆ ಬಂದವರು ಚೀಲ ಇಳಿಸುವ ಮೊದಲೇ ಅವ್ವ ಕಷಾಯದ ಬಟ್ಟಲು ತಂದು ಕೈಗೆ ಕೊಡುತ್ತಿದ್ದಳು. ಯಾಲಕ್ಕಿಯ ವಾಸನೆ ಅವಳಿಗಿಂತ ಮೊದಲೇ ಪಡಸಾಲೆಗೆ ಬಂದಿರುತ್ತಿತ್ತು.

ಕಳೆದ ದೀಪಾವಳಿಯಲ್ಲಿ ನಾನು ಅದನ್ನೇ ಮಾಡಲು ಹೋಗಿ ಕೆಡಿಸಿಕೊಂಡೆ. ಹಾಲಿಗೆ ಹಸಿ ಶುಂಠಿಯನ್ನು ಜಜ್ಜಿ ಹಾಕಿ ಒಲೆಯ ಮೇಲಿಟ್ಟಿದ್ದೆ, ಪುಡಿಯನ್ನೂ ಸೇರಿಸಿದ್ದೆ. ಉಕ್ಕು ಬಂದಾಗ ಬೆಲ್ಲ ಹಾಕಿ ಎರಡು ಸಲ ತಿರುವಿದೆನಷ್ಟೆ, ಚಮಚೆಯ ಬೆನ್ನಿಗೆ ಸಣ್ಣ ಸಣ್ಣ ಕಾಳು ಅಂಟತೊಡಗಿದವು. ನೋಡನೋಡುತ್ತಲೇ ಹಳದಿ ನೀರು ಒಂದು ಕಡೆ, ಹಾಲಿನ ಗಡ್ಡೆ ಇನ್ನೊಂದು ಕಡೆ ಆಯಿತು. ಪಡಸಾಲೆಯಲ್ಲಿ ಬೀಗರು ಕುಳಿತಿದ್ದರು. ಆ ಹೊತ್ತಿಗೆ ಚಹಾ ಮಾಡಿ ಕೊಟ್ಟೆ, ಆದರೆ ಮನಸ್ಸಿಗೆ ಬಹಳ ನೋವಾಯಿತು.

ಇನ್ನೊಂದು ಮಾತೂ ಇದೆ. ನಮ್ಮ ಅತ್ತೆಯವರು, "ಹಬ್ಬಕ್ಕೆ ಬಂದವರಿಗೆ ಯಾರಾದರೂ ಕಷಾಯ ಕೊಡುತ್ತಾರೆಯೇ, ಯಾರಿಗೆ ನೆಗಡಿಯಾಗಿದೆ ಎಂದು ಕೇಳುತ್ತಾರೆ" ಎನ್ನುತ್ತಾರೆ. ಅವರ ಮನಸ್ಸು ನೋಯಿಸಿ ಮಾಡುವುದು ನನಗೆ ಬೇಡ. ಬರುವವರಲ್ಲಿ ಇಬ್ಬರು ಹಿರಿಯರಿಗೆ ಸಕ್ಕರೆ ಕಾಯಿಲೆ ಇದೆ, ನಾಲ್ವರು ಮಕ್ಕಳಿದ್ದಾರೆ. ತಿಳಿದವರು ಅಳತೆಯ ಸಮೇತ ಹೇಳಿದರೆ ಉಪಕಾರವಾಗುತ್ತದೆ.

ಉತ್ತರ: ಗದಗಿನ ದೊಡ್ಡವ್ವ

ತಂಗೀ, ನೀನು ಕಷಾಯವನ್ನು ಚಹಾ ಮಾಡಿದಂತೆ ಮಾಡಿದ್ದೀ, ತಪ್ಪು ಆಗಿರುವುದು ಅಲ್ಲಿಯೇ. ಕಷಾಯ ನೀರಿನಲ್ಲಿ ಆಗಬೇಕು, ಹಾಲು ಕಟ್ಟಕಡೆಗೆ ಬರಬೇಕು. ಹಾಲಿನಲ್ಲಿಯೇ ಪುಡಿ ಕುದಿಸಿದರೆ ಮಸಾಲೆಯ ಸತ್ವವೂ ಸರಿಯಾಗಿ ಬಿಡುವುದಿಲ್ಲ, ತಳ ಹಿಡಿಯುವ ಭಯವೂ ಇರುತ್ತದೆ.

ಮೊದಲು ಪುಡಿಯ ಮಾತು. ಹವೀಜ (ಕೊತ್ತಂಬರಿ ಬೀಜ) 100 ಗ್ರಾಂ, ಜೀರಿಗೆ 50 ಗ್ರಾಂ, ಬಡೇಸೋಪು 25 ಗ್ರಾಂ, ಒಣಶುಂಠಿ 15 ಗ್ರಾಂ, ಕರಿಮೆಣಸು 10 ಗ್ರಾಂ ತೆಗೆದುಕೊ. ಹವೀಜ, ಜೀರಿಗೆ, ಮೆಣಸುಗಳನ್ನು ಬೇರೆ ಬೇರೆಯಾಗಿ, ಸಣ್ಣ ಉರಿಯಲ್ಲಿ ಹುರಿಯಬೇಕು. ಹವೀಜ ಹುರಿಯಲು ಹಿಡಿಯುವ ಹೊತ್ತಿನಲ್ಲಿ ಜೀರಿಗೆ ಸುಟ್ಟೇ ಹೋಗುತ್ತದೆ, ಸುಟ್ಟ ಜೀರಿಗೆಯ ಕಹಿಯನ್ನು ಎಷ್ಟು ಬೆಲ್ಲ ಹಾಕಿದರೂ ಮುಚ್ಚಲಾಗುವುದಿಲ್ಲ. ಬೆರಳಲ್ಲಿ ತಿಕ್ಕಿದರೆ ಹವೀಜ ಗರಿಗರಿಯಾಗಿ ಒಡೆದು ಬಿಸಿ ವಾಸನೆ ಮೂಗಿಗೆ ಬಡಿಯಿತೆಂದರೆ ಸಾಕು, ಬಣ್ಣ ಬದಲಾಗುವವರೆಗೆ ಕಾಯಬೇಡ. ಬಡೇಸೋಪಿಗೆ ಹಂಚಿನ ಬಿಸಿ ತಾಗಿದರೆ ಸಾಕು. ಒಣಶುಂಠಿಯನ್ನು ಮೊದಲು ಖಲಬತ್ತದಲ್ಲಿ ಕುಟ್ಟಿಕೊ, ಇಲ್ಲವಾದರೆ ಮಿಕ್ಸರಿನ ಬ್ಲೇಡು ಹಾಳಾಗುತ್ತದೆ. ಎಲ್ಲವೂ ಪೂರ್ತಿ ಆರಿದ ಮೇಲೆ ತರಿತರಿಯಾಗಿ ಪುಡಿ ಮಾಡು. ನುಣ್ಣಗೆ ಮಾಡಿದರೆ ಬಟ್ಟೆಯಲ್ಲಿ ಸೋಸಿದರೂ ಬಟ್ಟಲಿನ ತಳದಲ್ಲಿ ಮಣ್ಣಿನಂತೆ ಕೂಡುತ್ತದೆ. ಯಾಲಕ್ಕಿ, ಜಾಜಿಕಾಯಿಗಳನ್ನು ಇದರಲ್ಲಿ ಸೇರಿಸಬೇಡ.

25 ಮಂದಿಗೆ ತಲಾ ಒಂದು ಸಣ್ಣ ಬಟ್ಟಲಿನಂತೆ 3 ಲೀಟರ್ ಕಷಾಯ ಬೇಕು. ಎರಡೂಕಾಲು ಲೀಟರ್ ನೀರಿಗೆ 40 ಗ್ರಾಂ ಪುಡಿ ಹಾಕಿ, ಅದು 2 ಲೀಟರ್ ಆಗುವವರೆಗೆ ಮಂದ ಉರಿಯಲ್ಲಿ ಕುದಿಸು. ನಂತರ 250 ಗ್ರಾಂ ಬೆಲ್ಲ ಹಾಕಿ ಕರಗಿಸಿ ಇನ್ನೊಂದು ಕುದಿ ಬರಿಸು. ಕುಸುರೆಳ್ಳು, ಮಾದಲಿ, ಶೇಂಗಾ ಹೋಳಿಗೆ ತಿಂದ ಬಾಯಿಗೆ ಇದಕ್ಕಿಂತ ಹೆಚ್ಚು ಸಿಹಿ ಬೇಡ. ಒಲೆ ಆರಿಸಿ, 15 ಯಾಲಕ್ಕಿಯ ಪುಡಿಯನ್ನೂ ಕಾಲು ಜಾಜಿಕಾಯಿಯನ್ನು ತೇಯ್ದ ಗಂಧವನ್ನೂ ಹಾಕಿ ಐದು ನಿಮಿಷ ಮುಚ್ಚಿಡು. ಇವುಗಳ ಪರಿಮಳ ಕುದಿದರೆ ಹಾರಿಹೋಗುತ್ತದೆ. ಆಮೇಲೆ ತೆಳುವಾದ ಬಿಳಿ ಬಟ್ಟೆಯಲ್ಲಿ ಸೋಸು. 1 ಲೀಟರ್ ಹಾಲನ್ನು ಬೇರೆ ಡಬರಿಯಲ್ಲಿ ಕಾಯಿಸಿ, ಇಳಿಸಿ, ಐದು ನಿಮಿಷ ಬಿಟ್ಟು, ಕಷಾಯಕ್ಕೆ ಸಣ್ಣ ಧಾರೆಯಾಗಿ ಸೇರಿಸು. ಹಾಲು ಸೇರಿದ ಮೇಲೆ ಮತ್ತೆ ಒಲೆಯ ಮೇಲೆ ಇಡಲೇಬಾರದು.

ಬೆಲ್ಲ ಹಳೆಯದಾಗಿದ್ದರೆ ಎಷ್ಟು ಜಾಗ್ರತೆ ಮಾಡಿದರೂ ಹಾಲು ಒಡೆಯಬಹುದು. ಆದ್ದರಿಂದ ಹಬ್ಬದ ಹಿಂದಿನ ದಿನವೇ ಒಂದು ಬಟ್ಟಲಿನಲ್ಲಿ ನಾಲ್ಕು ಚಮಚೆ ಬಿಸಿ ಬೆಲ್ಲದ ನೀರಿಗೆ ಎರಡು ಚಮಚೆ ಬಿಸಿ ಹಾಲು ಹಾಕಿ ನೋಡಿಬಿಡು. ಅದು ಒಡೆದರೆ ಬೆಲ್ಲ ಬದಲಾಯಿಸು.

ಅತ್ತೆಯವರ ಮಾತು ಸುಳ್ಳಲ್ಲ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಕಷಾಯವೆಂದರೆ ಜ್ವರ, ನೆಗಡಿಗಳ ನೆನಪೇ. ಆದರೆ ಔಷಧದ ಕಷಾಯಕ್ಕೆ ಮೆಣಸು, ಶುಂಠಿ ಮುಂದೆ ಇರುತ್ತವೆ. ಅತಿಥಿಗಳ ಕಷಾಯಕ್ಕೆ ಹವೀಜ, ಯಾಲಕ್ಕಿ ಮುಂದೆ ಇರುತ್ತವೆ. ಹಿಂದಿನ ದಿನ ಒಂದು ಬಟ್ಟಲು ಮಾಡಿ ಮೊದಲು ಅವರಿಗೇ ಕೊಡು, ಜಾಜಿಕಾಯಿ ತೇಯುವ ಕೆಲಸವನ್ನೂ ಅವರ ಕೈಗೇ ಒಪ್ಪಿಸು. ಎಷ್ಟು ಸುತ್ತು ತೇಯಬೇಕೆಂಬುದು ಹಿರಿಯರ ಕೈಗೆ ಗೊತ್ತಿರುತ್ತದೆ.

ಉತ್ತರ: ನಿವೃತ್ತ ಶಿಕ್ಷಕ, ಹುಬ್ಬಳ್ಳಿ

ದೊಡ್ಡವ್ವನವರು ಹೇಳಿದ ಕ್ರಮ ಸರಿಯಾಗಿದೆ. ಅದರ ಕಾರಣವನ್ನಷ್ಟೇ ಸೇರಿಸುತ್ತೇನೆ. ಬೆಲ್ಲದಲ್ಲಿ ಸ್ವಲ್ಪ ಹುಳಿಯ ಅಂಶವೂ ಲವಣಗಳೂ ಇರುತ್ತವೆ. ತಣ್ಣಗಿನ ಹಾಲು ಅಷ್ಟನ್ನು ತಡೆದುಕೊಳ್ಳುತ್ತದೆ, ಕುದಿಯುವ ಹಾಲಿಗೆ ಅಷ್ಟೇ ಸಾಕು, ಅದರಲ್ಲಿರುವ ಪ್ರೋಟೀನು ಗಡ್ಡೆ ಕಟ್ಟುತ್ತದೆ. ಅಕ್ಕನವರ ಹಾಲು ಒಡೆಯಲು ಹಸಿ ಶುಂಠಿಯೂ ಕೈಜೋಡಿಸಿರಬೇಕು. ಹಸಿ ಶುಂಠಿಯಲ್ಲಿ ಹಾಲನ್ನು ಹೆಪ್ಪುಗಟ್ಟಿಸುವ ಒಂದು ಕಿಣ್ವವಿದೆ. ಚೀನಾದ ಗ್ವಾಂಗ್‌ಡಾಂಗ್ ಪ್ರಾಂತದಲ್ಲಿ ಶುಂಠಿಯ ರಸದ ಮೇಲೆ ಬಿಸಿ ಹಾಲು ಸುರಿದು ಮೊಸರಿನಂತೆ ಗಟ್ಟಿಯಾಗುವ ಸಿಹಿಯನ್ನೇ ಮಾಡುತ್ತಾರೆ. ಆ ಕಿಣ್ವ ನೀರಿನಲ್ಲಿ ಚೆನ್ನಾಗಿ ಕುದಿದರೆ ಕೆಲಸ ಕಳೆದುಕೊಳ್ಳುತ್ತದೆ. ಹಸಿ ಶುಂಠಿಯೇ ಬೇಕೆನ್ನಿಸಿದರೆ ನೀರಿನಲ್ಲಿ ಮೊದಲು ಕುದಿಸಿರಿ, ಹಾಲಿಗೆ ನೇರವಾಗಿ ಹಾಕಬೇಡಿರಿ.

ಸಕ್ಕರೆ ಕಾಯಿಲೆಯವರಿಗೆ "ಇದು ಬೆಲ್ಲ, ಏನೂ ಆಗುವುದಿಲ್ಲ" ಎಂದು ಒತ್ತಾಯ ಮಾಡುವ ಪದ್ಧತಿ ನಮ್ಮ ಕಡೆ ಬಹಳವಾಗಿದೆ, ಅದು ತಪ್ಪು. ಬೆಲ್ಲದ ಬಹುಪಾಲು ಸಕ್ಕರೆಯೇ. ಬೆಲ್ಲ ಹಾಕುವ ಮೊದಲೇ ಎರಡು ಬಟ್ಟಲು ಕಷಾಯ ತೆಗೆದಿಟ್ಟು ಅವರಿಗೆ ಅದನ್ನೇ ಹಾಲು ಸೇರಿಸಿ ಕೊಡಿರಿ. ಸಿಹಿ ಬೇಕೆನ್ನುವವರಿಗೆ ಒಂದು ತುಂಡು ಜ್ಯೇಷ್ಠಮಧು ಹಾಕಿ ಕುದಿಸಬಹುದು.

ಉತ್ತರ: ಹಾವೇರಿಯ ಓದುಗ

ಗುರುಗಳು ಹೇಳಿದ ಜ್ಯೇಷ್ಠಮಧುವಿನ ಬಗ್ಗೆ ಒಂದು ಮಾತು ಸೇರಿಸಬೇಕಾಗಿದೆ. ಅದು ಹೆಚ್ಚಾದರೆ ರಕ್ತದೊತ್ತಡ ಏರಿಸುತ್ತದೆ, ಸಕ್ಕರೆ ಕಾಯಿಲೆಯಿರುವ ಹಿರಿಯರಲ್ಲಿ ಅನೇಕರಿಗೆ ಬಿಪಿಯೂ ಇರುತ್ತದೆ. ಮನೆಗೆ ಬಂದ ಹಿರಿಯರಿಗೆ ಅದನ್ನು ಕೇಳದೆ ಹಾಕುವುದು ಬೇಡ.

ನಮ್ಮೂರನ್ನು ಯಾಲಕ್ಕಿ ಕಂಪಿನ ನಾಡೆಂದು ಕರೆಯುತ್ತಾರೆ, ಹಾಗಾಗಿ ಯಾಲಕ್ಕಿಯ ವಿಷಯ ಹೇಳದೆ ಇರಲಾರೆ. ಹಬ್ಬಕ್ಕೆ, ಮದುವೆಗೆ ಹಾವೇರಿಯ ಯಾಲಕ್ಕಿ ಮಾಲೆ ಮನೆಗೆ ಬಂದಿರುತ್ತದೆ. ಮುಗಿದ ಮೇಲೆ ಅದನ್ನು ಬಿಚ್ಚಿ ಅಡುಗೆಗೆ ಬಳಸುವವರನ್ನು ನಾನು ನೋಡಿದ್ದೇನೆ. ಮಾಲೆಯ ಯಾಲಕ್ಕಿ ನೋಟಕ್ಕೆ ಬೆಳ್ಳಗೆ, ದಪ್ಪಗೆ ಇರುತ್ತದೆ, ಆದರೆ ಎಷ್ಟೋ ದಿನ ಗಾಳಿಗೆ ತೆರೆದುಕೊಂಡಿದ್ದರಿಂದ ಪರಿಮಳ ಇಳಿದಿರುತ್ತದೆ. ಕಷಾಯಕ್ಕೆ ಹಸಿರು ಸಿಪ್ಪೆಯ, ಕೈಯಲ್ಲಿ ಅಲುಗಿಸಿದರೆ ಸದ್ದು ಮಾಡದಷ್ಟು ಕಾಳು ತುಂಬಿದ ಯಾಲಕ್ಕಿಯನ್ನು ತೆಗೆದುಕೊಳ್ಳಿರಿ. ಬಿಡಿಸಿದರೆ ಒಳಗಿನ ಕಾಳು ಕಪ್ಪಾಗಿ, ಬೆರಳಿಗೆ ತುಸು ಅಂಟುವಂತಿರಬೇಕು. ಕಾಳನ್ನು ಪುಡಿ ಮಾಡಿ, ಸಿಪ್ಪೆಗಳನ್ನು ಮೊದಲಿನ ನೀರಿನಲ್ಲಿಯೇ ಕುದಿಯಲು ಬಿಟ್ಟರೆ ಯಾವುದೂ ವ್ಯರ್ಥವಾಗುವುದಿಲ್ಲ.

ಚಹಾವನ್ನು ಮಾತ್ರ ಪೂರ್ತಿ ನಿಲ್ಲಿಸಬೇಡಿರಿ. ದಿನಕ್ಕೆ ನಾಲ್ಕು ಸಲ ಚಹಾ ಕುಡಿದು ರೂಢಿಯಾದವರಿಗೆ ಅದು ಸಿಗದಿದ್ದರೆ ತಲೆನೋವು ಬರುತ್ತದೆ. ಮೊದಲು ಕಷಾಯ ಕೊಟ್ಟು, ತುಸು ಹೊತ್ತಿನ ಮೇಲೆ ಚಹಾ ಬೇಕಾದವರನ್ನು ಕೇಳಿರಿ.

ಮಾಳಮಡ್ಡಿಯ ಸೊಸೆ, ಧಾರವಾಡ

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ನಿನ್ನೆ ಆರು ಬಟ್ಟಲಿನಷ್ಟು ಮಾಡಿ ನೋಡಿದೆ, ಹಾಲು ಒಡೆಯಲಿಲ್ಲ. ಅತ್ತೆಯವರು ಮೊದಲ ಗುಟುಕಿಗೆ ಏನೂ ಹೇಳಲಿಲ್ಲ, ಬಟ್ಟಲು ಖಾಲಿ ಮಾಡಿದ ಮೇಲೆ, "ಮೆಣಸು ಇನ್ನೂ ಒಂದಿಷ್ಟು ಕಡಿಮೆ ಮಾಡು, ಹುಡುಗರು ಕುಡಿಯುವುದಿಲ್ಲ" ಎಂದರು. ಜಾಜಿಕಾಯಿ ತೇಯುವ ಕಲ್ಲನ್ನು ಅವರೇ ಅಟ್ಟದಿಂದ ಇಳಿಸಿಕೊಟ್ಟಿದ್ದಾರೆ. ಇನ್ನು ಒಂದೇ ಅನುಮಾನ: ಸಂಜೆ ಐದರಿಂದ ಒಂಬತ್ತರವರೆಗೆ ಓಣಿಯವರು ಒಬ್ಬೊಬ್ಬರಾಗಿ ಬರುತ್ತಿರುತ್ತಾರೆ. ಎಲ್ಲವನ್ನೂ ಮಾಡಿ ಥರ್ಮಾಸಿನಲ್ಲಿ ತುಂಬಿಡಬಹುದೇ?

ಗದಗಿನ ದೊಡ್ಡವ್ವ

ಹಾಲು ಹಾಕಿದ ಕಷಾಯವನ್ನು ಥರ್ಮಾಸಿನಲ್ಲಿ ನಾಲ್ಕು ತಾಸು ಇಡಬೇಡ. ಹೊತ್ತು ಹೋದಂತೆ ಹಾಲಿನ ವಾಸನೆ ಬದಲಾಗುತ್ತದೆ, ಉಗುರು ಬೆಚ್ಚಗಾದ ಹಾಲು ಕೆಡುವುದೂ ಬೇಗ. ಸೋಸಿದ ಬೆಲ್ಲದ ಕಷಾಯವನ್ನಷ್ಟೇ ಥರ್ಮಾಸಿನಲ್ಲಿಡು. ಅದಕ್ಕೂ ಮೊದಲು ಥರ್ಮಾಸಿಗೆ ಕುದಿಯುವ ನೀರು ಹಾಕಿ ಐದು ನಿಮಿಷ ಬಿಟ್ಟು ಚೆಲ್ಲು, ಬಿಸಿ ಬಹಳ ಹೊತ್ತು ನಿಲ್ಲುತ್ತದೆ. ಬಾಗಿಲಲ್ಲಿ ಚಪ್ಪಲಿಯ ಸದ್ದು ಕೇಳಿದಾಗ ಬಂದವರಿಗೆ ಬೇಕಾದಷ್ಟು ಹಾಲನ್ನು ಬಿಸಿ ಮಾಡಿಕೊ. ಬಟ್ಟಲಿಗೆ ಮೊದಲು ಎರಡು ಪಾಲು ಕಷಾಯ, ಮೇಲೆ ಒಂದು ಪಾಲು ಹಾಲು ಹಾಕು. ಮಕ್ಕಳ ಬಟ್ಟಲಿಗೆ ಅರ್ಧಕ್ಕರ್ಧ ಹಾಲು ಹಾಕಿದರೆ ಅತ್ತೆಯವರು ಹೇಳಿದ ಖಾರವೂ ಇಳಿಯುತ್ತದೆ, ದೊಡ್ಡವರ ಕಷಾಯದ ಮೆಣಸು ಕಡಿಮೆ ಮಾಡಬೇಕಾಗುವುದಿಲ್ಲ.