ಪುಣೆಯ ವಾಕಡ್‌ನಲ್ಲಿ ಸ್ವಂತ ಮನೆಯೋ, ಕೋಥ್ರೂಡ್‌ನಲ್ಲಿ ಬಾಡಿಗೆಯೋ? ಮಗಳ ಶಾಲೆ ನೋಡಿ ಹೇಳಿ

ಧಾರವಾಡದ ಸೊಸೆ: ಮಗಳು ಮುಂದಿನ ಜೂನ್‌ಗೆ ಒಂದನೇ ಕ್ಲಾಸು. ಕೋಥ್ರೂಡ್‌ನಲ್ಲಿ ಬಾಡಿಗೆಗೆ ಇದ್ದೇವೆ, ಯಜಮಾನರ ಆಫೀಸು ಹಿಂಜವಡಿ. ವಾಕಡ್‌ನಲ್ಲಿ ಒಂದು ಟೂ ಬಿಎಚ್‌ಕೆ ನೋಡಿದ್ದೇವೆ, ಅವರಿಗೆ ಹತ್ತಿರ. ಆದರೆ ನಮ್ಮ ಅತ್ತೆ "ಶಾಲೆ ಅಂದರೆ ಕೋಥ್ರೂಡೇ, ಅಲ್ಲಿಂದ ಏಳಬೇಡಿ" ಅಂತ ಪಟ್ಟು ಹಿಡಿದಿದ್ದಾರೆ. ನೀವೆಲ್ಲ ಏನು ಮಾಡಿದ್ರಿ?

ವಾಕಡ್ ವಾಸಿ: ಕಣ್ಣು ಮುಚ್ಚಿ ವಾಕಡ್‌ಗೆ ಬನ್ನಿ. ಸಿಬಿಎಸ್‌ಇ, ಐಸಿಎಸ್‌ಇ ಎಲ್ಲಾ ಇದೆ. ಸ್ವಿಮ್ಮಿಂಗ್ ಪೂಲ್, ಎಸಿ ಬಸ್ಸು, ದೊಡ್ಡ ಗ್ರೌಂಡು. ಕೋಥ್ರೂಡ್‌ನಲ್ಲಿ ಏನಿದೆ, ಹಳೇ ಕಟ್ಟಡ, ಸ್ಟೇಟ್ ಬೋರ್ಡು.

ಕೋಥ್ರೂಡ್ ಕಾಕಾ: ಹಳೇ ಕಟ್ಟಡ ಅಂದ್ರಾ? ಕಟ್ಟಡ ಪಾಠ ಮಾಡಲ್ಲ ಸ್ವಾಮಿ. ನನ್ನ ಮೊಮ್ಮಗ ನಿಮ್ಮ ಕಡೆಯದೇ ಒಂದು ಹೊಸ ಶಾಲೆಗೆ ಹೋಗುತ್ತಾನೆ, ಹೆಸರು ಬೇಡ. ಅವನ ಡೈರಿ ತೆಗೆದು ನೋಡಿದೆ. ಜೂನ್‌ನಲ್ಲಿ ಒಬ್ಬ ಟೀಚರ್ ಸಹಿ, ದೀಪಾವಳಿ ರಜೆ ಮುಗಿದ ಮೇಲೆ ಇನ್ನೊಬ್ಬರದು, ಜನವರಿಗೆ ಮತ್ತೊಬ್ಬರದು. ಮೂರನೆಯವರು ಹುಡುಗನ ಹೆಸರನ್ನೇ ತಪ್ಪು ಬರೆದಿದ್ದಾರೆ. ಎಸಿ ಬಸ್ಸಂತೆ!

ವಾಕಡ್ ವಾಸಿ: ಒಂದು ಡೈರಿ ನೋಡಿ ಇಡೀ ವಾಕಡ್ ಅನ್ನು ಫೇಲ್ ಮಾಡಿದ್ರಲ್ಲ, ಭೇಷ್.

ಲೆಕ್ಕದ ಮೇಷ್ಟ್ರು: ಇಬ್ಬರೂ ಸುಮ್ನೆ ಕೂಗಾಡುವ ಬದಲು ಯುಡೈಸ್ ಪ್ಲಸ್ ನೋಡಿ, ಕೇಂದ್ರ ಸರ್ಕಾರದ ಶಾಲಾ ಮಾಹಿತಿ ವೆಬ್‌ಸೈಟು. ಯಾವ ಶಾಲೆಯಲ್ಲಿ ಎಷ್ಟು ಮಕ್ಕಳು, ಎಷ್ಟು ಶಿಕ್ಷಕರು ಅಂತ ಅಲ್ಲೇ ಸಿಗುತ್ತೆ. ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಪ್ರೈಮರಿಯಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕರು ಇರಬೇಕು. ಪೂಲ್ ಆಮೇಲೆ.

ಕೋಥ್ರೂಡ್ ಕಾಕಾ: ಎಷ್ಟು ಜನ ಇದ್ದಾರೆ ಅಂತ ಅದು ಹೇಳುತ್ತೆ. ಎಷ್ಟು ತಿಂಗಳು ನಿಲ್ಲುತ್ತಾರೆ ಅಂತ ಹೇಳುತ್ತಾ?

ಬನಶಂಕರಿ ಹುಡುಗ: ಯಾವ ಏರಿಯಾ ಆದರೇನು, ಮರಾಠಿ ಹೊರೆ ತಪ್ಪಲ್ಲ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷು, ಹಿಂದಿ, ಅದರ ಮೇಲೆ ಇದೊಂದು. ನಾವು ಅದಕ್ಕೇ ಬೆಂಗಳೂರಿಗೆ ವಾಪಸ್ ಬಂದ್ವಿ.

ಕೋಥ್ರೂಡ್ ಕಾಕಾ: ಹೊರೆಯಾ? ಇಲ್ಲಿನ ನೀರು ಕುಡಿದು ಇಲ್ಲಿನ ಭಾಷೆ ಹೊರೆಯಾ?

ವಾಕಡ್ ವಾಸಿ: ಆ ಕಡ್ಡಾಯದ ಆದೇಶವನ್ನು ಸರ್ಕಾರ 2025ರ ಜೂನ್‌ನಲ್ಲೇ ವಾಪಸ್ ತಗೊಂಡಿದೆ. ಪೇಪರ್ ಓದಿ.

ಲೆಕ್ಕದ ಮೇಷ್ಟ್ರು: ವಾಪಸ್ ತಗೊಂಡಿದ್ದು ಹಿಂದಿಯದು ಸರ್, ಒಂದನೇ ಕ್ಲಾಸಿಂದ ಮೂರನೇ ಭಾಷೆ ಅಂತ ತಂದಿದ್ದು. ಮರಾಠಿಗೆ ಬೇರೆ ಕಾಯ್ದೆ, 2020ರದು. ಸಿಬಿಎಸ್‌ಇ, ಐಸಿಎಸ್‌ಇ ಎಲ್ಲದಕ್ಕೂ ಅನ್ವಯ. ಕಲಿಸದ ಶಾಲೆಗೆ 1 ಲಕ್ಷ ರೂಪಾಯಿವರೆಗೆ ದಂಡ.

ವಾಕಡ್ ವಾಸಿ: ಅದನ್ನೇ ನಾನೂ ಹೇಳಿದ್ದು, ಎಲ್ಲಾ ಗೊಂದಲ ಅಂತ.

ಬನಶಂಕರಿ ಹುಡುಗ: ದಂಡ ಹಾಕಿ ಕಲಿಸಬೇಕು ಅಂದ ಮೇಲೆ ಹೊರೆ ಅಂತಲೇ ಆಯ್ತಲ್ಲ ಕಾಕಾ.

ಕೋಥ್ರೂಡ್ ಕಾಕಾ: ಓಹೋ. ಕರ್ನಾಟಕದಲ್ಲಿ ಕನ್ನಡ ಕಲಿಕಾ ಕಾಯ್ದೆ 2015ರಿಂದಲೇ ಇದೆ. ಅಲ್ಲಿ ಹೊರಗಿನಿಂದ ಬಂದವರು ಕನ್ನಡ ಕಲಿಯಲ್ಲ ಅಂದರೆ ಮೊದಲು ಕೂಗುವವರು ನಿಮ್ಮಂಥವರೇ ಅಲ್ವಾ? ಅಲ್ಲಿ ಅಭಿಮಾನ, ಇಲ್ಲಿ ಹೊರೆ. ಚೆನ್ನಾಗಿದೆ ರೀ ನಿಮ್ಮ ನ್ಯಾಯ.

ಬನಶಂಕರಿ ಹುಡುಗ: ವೈಯಕ್ತಿಕ ಬೇಡ. "ನಿಮ್ಮಂಥವರು" ಅಂದರೆ ಯಾರು, ಬಿಡಿಸಿ ಹೇಳಿ.

ಕೋಥ್ರೂಡ್ ಕಾಕಾ: ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ.

ಧಾರವಾಡದ ಸೊಸೆ: ರೀ, ನನ್ನ ಮಗಳಿಗೆ ಮರಾಠಿ ನನಗಿಂತ ಚೆನ್ನಾಗಿ ಬರುತ್ತೆ, ಬಿಲ್ಡಿಂಗ್ ಮಕ್ಕಳ ಜೊತೆ ಆಡಿಯೇ ಕಲಿತಿದ್ದಾಳೆ. ಮನೆ ವಾಕಡ್‌ನಲ್ಲಿ ಮಾಡಿ ಶಾಲೆ ಕೋಥ್ರೂಡ್‌ನಲ್ಲೇ ಇಟ್ಟರೆ ಆಗುತ್ತಾ, ಅದನ್ನು ಹೇಳಿ.

ಬಾಣೇರ್ ಸುಮಕ್ಕ: ಬೇಡಮ್ಮ. ನಾವು ಹಾಗೇ ಮಾಡಿದ್ವಿ. ಬಸ್ಸು ಬೆಳಕು ಹರಿಯುವ ಮುಂಚೆ ಗೇಟಿಗೆ ಬರುತ್ತಿತ್ತು. ಮಗ ಒಂದು ಕಾಲಿಗೆ ಸಾಕ್ಸ್, ಇನ್ನೊಂದು ಕೈಯಲ್ಲಿ, ಹಾಗೇ ಹತ್ತುತ್ತಿದ್ದ. ಮಧ್ಯಾಹ್ನ ದಾರಿಯಲ್ಲಿ ಚಾಂದಣಿ ಚೌಕದ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ಡಬ್ಬಿಯಲ್ಲಿ ಉಳಿದ ಚಪಾತಿ ಬಸ್ಸಲ್ಲೇ ತಿನ್ನುತ್ತಿದ್ದ. ಶಾಲೆ ತುಂಬಾ ಒಳ್ಳೇದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಂಜೆ ಹೊತ್ತಿಗೆ ಹೋಮ್‌ವರ್ಕ್ ಮೇಲೇ ನಿದ್ದೆ. ಎಲ್ಲಿ ಶಾಲೆಯೋ ಅಲ್ಲೇ ಮನೆ ಮಾಡಿ, ಓಡಾಟ ದೊಡ್ಡವರಿಗೆ ಇರಲಿ.

ವಾಕಡ್ ವಾಸಿ: ಚಾಂದಣಿ ಚೌಕದಲ್ಲಿ ಫ್ಲೈಓವರ್ 2023ರಲ್ಲೇ ಓಪನ್ ಆಗಿದೆ ಅಕ್ಕ. ಹಳೇ ಕಥೆ ಹೇಳಿ ಹೆದರಿಸಬೇಡಿ.

ಲೆಕ್ಕದ ಮೇಷ್ಟ್ರು: ಫ್ಲೈಓವರ್ ಇಳಿದ ಮೇಲೆ ಕೋಥ್ರೂಡ್ ಒಳಗೆ ರಸ್ತೆ ಅಗಲ ಆಗಿದೆಯಾ? ಅಂದಹಾಗೆ ವಾಕಡ್‌ನವರೇ, ಬೇಸಿಗೆಯಲ್ಲಿ ನಿಮ್ಮ ಸೊಸೈಟಿಗೆ ಟ್ಯಾಂಕರ್ ನೀರಲ್ವಾ?

ವಾಕಡ್ ವಾಸಿ: ಇದು ಶಾಲೆ ಚರ್ಚೆ. ಟ್ಯಾಂಕರ್ ಯಾಕೆ ತರ್ತೀರಿ?

ಬನಶಂಕರಿ ಹುಡುಗ: ಕಾಕಾ ಇನ್ನೂ ಉತ್ತರ ಕೊಟ್ಟಿಲ್ಲ.

ಕೋಥ್ರೂಡ್ ಕಾಕಾ: ಕೊಡಲ್ಲ. ಸೊಸೆಯವರೇ, ಕನ್ನಡವೂ ಬೇಕು ಅಂದರೆ ಪುಣೆ ಕನ್ನಡ ಸಂಘದ ಶಾಲೆ ಗಣೇಶನಗರದಲ್ಲಿದೆ, ನಿಮ್ಮ ಈಗಿನ ಮನೆಗೆ ಹತ್ತಿರ. ಕನ್ನಡ ಕಲಿಸುತ್ತಾರಾ ಅಂತ ಒಮ್ಮೆ ಹೋಗಿ ಕೇಳಿ ನೋಡಿ. ಈ ಪೂಲ್ ಶಾಲೆಗಳನ್ನು ನಂಬಬೇಡಿ.

ವಾಕಡ್ ವಾಸಿ: ಅಷ್ಟು ಕೆಟ್ಟದಾದರೆ ನಿಮ್ಮ ಮೊಮ್ಮಗ ಇನ್ನೂ ಅದೇ ಶಾಲೆಯಲ್ಲಿ ಯಾಕಿದ್ದಾನೆ ಕಾಕಾ?

ಕೋಥ್ರೂಡ್ ಕಾಕಾ: ಅದನ್ನು ನನ್ನ ಮಗನನ್ನು ಕೇಳಿ.