ಎಂಜಿಬಿ ಕಾರಿನ ಹಿಂದುಗಡೆ ಕಮಾನ್ ಪಟ್ಟಿ (ಲೀಫ್ ಸ್ಪ್ರಿಂಗ್): ಯಾವುದು ಹಾಕಿಸಲಿ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಿಂದ ಬರೆಯುತ್ತಿದ್ದೇನೆ. ನಮ್ಮ ಮಾವನವರ 1976ರ ಎಂಜಿಬಿ ರೋಡ್‌ಸ್ಟರ್, ಅಂದರೆ ಬ್ರಿಟನ್ನಿನ ಟಾಪ್ ತೆಗೆಯುವ ಸ್ಪೋರ್ಟ್ಸ್ ಕಾರು, ಈಗ ನನ್ನ ಶೆಡ್‌ನಲ್ಲಿದೆ. ರಬ್ಬರ್ ಬಂಪರ್ ಗಾಡಿ. 1974ರ ಕೊನೆಗೆ ಅಮೆರಿಕದ ನಿಯಮಕ್ಕಾಗಿ ಕಂಪನಿಯೇ ಎತ್ತರ ಜಾಸ್ತಿ ಮಾಡಿತಲ್ವಾ, ಆ ಥರದ್ದು. ಪಕ್ಕದಿಂದ ನೋಡಿದರೆ ಹಿಂದುಗಡೆ ಕೋಳಿ ಬಾಲ ಎತ್ತಿದ ಹಾಗಿದೆ. ಒಂದು ಇಂಚು ಇಳಿಸಬೇಕು, ಅಷ್ಟೇ.

ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿಗೆ ಟೇಪ್ ಹಿಡಿದೆ. ಎಡಕ್ಕೆ ಹದಿನೈದು ಇಂಚು, ಬಲಕ್ಕೆ ಹದಿನಾಲ್ಕೂವರೆ. ಡ್ರೈವರ್ ಕಡೆ ಪಟ್ಟಿ ಸೋತಿದೆ ಅನ್ನಿಸುತ್ತೆ. ಎರಡನೇ ಪಟ್ಟಿಯ ತುದಿಯಲ್ಲಿ ತುಕ್ಕು ಹಪ್ಪಳದ ಹಾಗೆ ಎದ್ದಿದೆ.

ಪಿ.ಬಿ. ರೋಡಿನಲ್ಲಿ ಲಾರಿ ಕಮಾನ್ ಕೆಲಸ ಮಾಡುವವರೊಬ್ಬರು "ಬಿಚ್ಚಿಕೊಂಡು ಬನ್ನಿ ಸಾರ್, ಬಡಿದು ಬಾಗು ಕಮ್ಮಿ ಮಾಡಿಕೊಡ್ತೀನಿ" ಅಂದರು. ಅವರ ಕೈ ಒಳ್ಳೆಯದೇ. ಆದರೆ ಹದ ಸರಿಯಾಗದಿದ್ದರೆ ಆರು ತಿಂಗಳಲ್ಲಿ ಮತ್ತೆ ಕೂತುಬಿಡುತ್ತೆ ಅಂತ ಭಯ. ಇನ್ನೊಬ್ಬರು ಆಕ್ಸಲ್‌ಗೂ ಪಟ್ಟಿಗೂ ನಡುವೆ ಬ್ಲಾಕ್ ಇಟ್ಟು ಉದ್ದದ ಯು ಬೋಲ್ಟ್ ಹಾಕಿ ಅಂದರು. ಅಗ್ಗ, ಸರಿ. ಆದರೆ ಜೋರಾಗಿ ಎಳೆದಾಗ ಆಕ್ಸಲ್ ತಿರುಚಿಕೊಳ್ಳುವುದು ಜಾಸ್ತಿ ಆಗುತ್ತೆ. ನನಗೆ ಮನಸ್ಸಿಲ್ಲ.

ಇಂಗ್ಲೆಂಡಿನಿಂದ ಇಳಿಸಿದ ಎತ್ತರದ ಹೊಸ ಜೋಡಿ ತರಿಸಿದವರಿದ್ದೀರಾ? ಕಸ್ಟಮ್ಸ್ ಸೇರಿ ಎಷ್ಟು ಬಿತ್ತು? ಜಿಟಿಯ (ಇದೇ ಕಾರಿನ ಗಟ್ಟಿ ಚಾವಣಿಯ ಮಾದರಿ) ಪಟ್ಟಿ ಗಟ್ಟಿ, ರೋಡ್‌ಸ್ಟರ್‌ಗೆ ಹಾಕಿದರೆ ಕುಲುಕುತ್ತಾ? ಬಂಪ್ ರಬ್ಬರ್ (ಆಕ್ಸಲ್ ಮೇಲೆ ಬಡಿಯದಂತೆ ತಡೆಯುವ ರಬ್ಬರ್) ಕತ್ತರಿಸಬೇಕಾಯ್ತಾ, ಲಿವರ್ ಶಾಕ್‌ನ (ತೋಳಿರುವ ಹಳೇ ಥರದ ಶಾಕ್ ಅಬ್ಸಾರ್ಬರ್) ಲಿಂಕ್ ಬದಲಿಸಬೇಕಾಯ್ತಾ? ನಮ್ಮ ಬೀದಿಯ ಹಂಪ್‌ಗೆ ಸೈಲೆನ್ಸರ್ ಈಗಲೇ ಮುತ್ತು ಕೊಡುತ್ತೆ, ಅದೂ ಲೆಕ್ಕದಲ್ಲಿರಲಿ. ಫೋಟೋ ಕಾಮೆಂಟ್‌ನಲ್ಲಿ ಹಾಕಿದ್ದೇನೆ.